ಹಳೆ ಕಾಗದದ ಬಾಗಿಲ ಚಕ್ರ: ಪೊಟ್ಟಣಗಳು ಬಿಚ್ಚಿಕೊಳ್ಳುವುದೇಕೆ?

ಪ್ರಶ್ನೆ: ಕಳೆದ ಡಿಸೆಂಬರಿನಲ್ಲಿ ಜರ್ಮನಿಯಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅಲ್ಲಿ ಹಲವು ಮನೆಗಳ ಬಾಗಿಲಿಗೆ ಹಸಿರು ಸೊಪ್ಪಿನ ದುಂಡನೆಯ ಚಕ್ರ ತೂಗುಹಾಕಿದ್ದರು. ಮಗಳ ನೆರೆಮನೆಯವರು ಹಳೆಯ ಪುಸ್ತಕದ ಹಾಳೆಗಳನ್ನು ಪೊಟ್ಟಣದಂತೆ ಸುತ್ತಿ ಅಂಥದ್ದೇ ಒಂದನ್ನು ಮಾಡಿದ್ದರು. ಊರಿಗೆ ಬಂದ ಮೇಲೆ, ತೀರಿಹೋದ ನಮ್ಮ ಮಾವನವರು ಅಟ್ಟದ ಮೇಲೆ ಬಿಟ್ಟುಹೋದ ಕಾಗದದ ಗಂಟುಗಳಿಂದ ನಾನೂ ಎರಡು ಸಲ ಮಾಡಿ ನೋಡಿದೆ. ಮೊದಲನೆಯದರಲ್ಲಿ ಪೊಟ್ಟಣಗಳು ಒಂದೊಂದಾಗಿ ಬಿಚ್ಚಿಕೊಂಡವು. ಎರಡನೆಯದನ್ನು ಮೈದಾ ಅಂಟಿನಿಂದ ಗಟ್ಟಿಯಾಗಿ ಮಾಡಿದೆ; ಮಳೆಗಾಲ ಬಂದಾಗ ಹಪ್ಪಳದಂತೆ ಸೊಟ್ಟಗಾಗಿ ಬೂಷ್ಟು ಹಿಡಿಯಿತು. "ಸತ್ತವರಿಗೆ ಇಡುವುದನ್ನು ಬಾಗಿಲಿಗೆ ಏಕೆ ಕಟ್ಟುತ್ತೀಯ" ಎಂದು ಅತ್ತೆಯವರಿಗೂ ಬೇಸರ. ಪುಸ್ತಕದ ಹಾಳೆ ಹರಿಯುವಾಗ ನನ್ನ ಕೈಯೂ ತಡೆಯುತ್ತದೆ. ಸರಿಯಾದ ಕ್ರಮ ತಿಳಿಸುವಿರಾ? — ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಪೊಟ್ಟಣ ಬಿಚ್ಚಿತು, ಚಕ್ರ ಸೊಟ್ಟಗಾಯಿತು, ಬೂಷ್ಟು ಹಿಡಿಯಿತು ಎಂದು ಮೂರು ತೊಂದರೆಗಳನ್ನು ಬರೆದಿದ್ದೀರಿ. ಮೂರಕ್ಕೂ ಕಾರಣ ನಿಮ್ಮ ಕೈಯಲ್ಲ. ಕಾಗದಕ್ಕೆ ಒಂದು ದಿಕ್ಕು ಇದೆ, ನೀರು ಕಂಡರೆ ಅದು ಒಂದೇ ಕಡೆಗೆ ಹಿಗ್ಗುತ್ತದೆ ಎಂಬುದನ್ನು ಯಾರೂ ನಿಮಗೆ ಹೇಳಿರಲಿಲ್ಲ, ಅಷ್ಟೇ. ನಾನು ನಲವತ್ತು ವರ್ಷ ಪುಸ್ತಕಗಳಿಗೆ ರಟ್ಟು ಕಟ್ಟಿದವನು. ಕೆಲಸಕ್ಕೆ ಸೇರಿದ ಮೊದಲ ಮಳೆಗಾಲದಲ್ಲಿ ನಾನು ಕಟ್ಟಿಟ್ಟ ಒಂದು ಡಜನ್ ಲೆಕ್ಕದ ಪುಸ್ತಕಗಳ ರಟ್ಟು ಬೆಳಗಾಗುವಷ್ಟರಲ್ಲಿ ದೋಣಿಯಂತೆ ಬಾಗಿದ್ದವು. ಅಂದು ನನ್ನ ಗುರುಗಳು ಬೈಯಲಿಲ್ಲ. ಒಂದು ಹಳೆಯ ದಿನಪತ್ರಿಕೆಯನ್ನು ಕೈಗೆ ಕೊಟ್ಟು "ಹರಿ" ಎಂದರು. ನೀವೂ ಅಲ್ಲಿಂದಲೇ ಆರಂಭಿಸಬೇಕು.

ನಿನ್ನೆಯ ದಿನಪತ್ರಿಕೆಯ ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಮೇಲಿನ ಅಂಚನ್ನು ಹಿಡಿದು ಕೆಳಕ್ಕೆ ಹರಿಯಿರಿ. ಸೀಳು ಗೆರೆ ಎಳೆದಂತೆ ನೇರವಾಗಿ ಇಳಿಯುತ್ತದೆ. ಈಗ ಅದೇ ಹಾಳೆಯನ್ನು ಎಡದಿಂದ ಬಲಕ್ಕೆ ಹರಿಯಿರಿ. ಸೀಳು ಅಂಕುಡೊಂಕಾಗಿ ಎಲ್ಲೆಲ್ಲೋ ಹೋಗುತ್ತದೆ, ಅಂಚಿನಲ್ಲಿ ನವಿರಾದ ನಾರು ಎದ್ದು ನಿಲ್ಲುತ್ತದೆ. ಕಾರ್ಖಾನೆಯಲ್ಲಿ ಕಾಗದ ತಯಾರಾಗುವಾಗ ನಾರು ಬೆರೆತ ನೀರು ಓಡುವ ಜಾಲರಿಯ ಮೇಲೆ ಬೀಳುತ್ತದೆ. ಹೊಳೆಯಲ್ಲಿ ತೇಲುವ ಹುಲ್ಲುಕಡ್ಡಿಗಳಂತೆ ಹೆಚ್ಚಿನ ನಾರುಗಳು ಜಾಲರಿ ಓಡುವ ದಿಕ್ಕಿಗೇ ಮಲಗುತ್ತವೆ. ನಾರು ಮಲಗಿದ ಈ ದಿಕ್ಕನ್ನೇ ಎಳೆ ಎನ್ನುವುದು. ಯಂತ್ರದಲ್ಲಿ ತಯಾರಾದ ಪ್ರತಿಯೊಂದು ಹಾಳೆಯಲ್ಲೂ ಈ ಎಳೆ ಇರುತ್ತದೆ. ದೊಡ್ಡ ಅಳತೆಯ ದಿನಪತ್ರಿಕೆಯಲ್ಲಿ ಎಳೆ ಮೇಲಿನಿಂದ ಕೆಳಕ್ಕೆ, ಅದರ ಅರ್ಧ ಅಳತೆಯ ಪತ್ರಿಕೆಗಳಲ್ಲಿ ಅಡ್ಡಕ್ಕೆ. ಚೆನ್ನಾಗಿ ಕಟ್ಟಿದ ಪುಸ್ತಕದಲ್ಲಿ ಎಳೆ ಬೆನ್ನಿಗೆ ಸಮಾನಾಂತರವಾಗಿ, ಅಂದರೆ ಪುಟದ ಉದ್ದಕ್ಕೆ ಇರುತ್ತದೆ. ಅಗ್ಗದ ಮುದ್ರಣಗಳಲ್ಲಿ ಈ ನಿಯಮವನ್ನು ಪಾಲಿಸದವರೂ ಇದ್ದಾರೆ, ಆದ್ದರಿಂದ ಪ್ರತಿ ಪುಸ್ತಕದ ಒಂದು ಹಾಳೆಯನ್ನು ಹರಿದು ನೋಡಿಯೇ ಮುಂದುವರಿಯಿರಿ.

ಎಳೆಯ ಉದ್ದಕ್ಕೆ ಕಾಗದ ಚಾಪೆಯಂತೆ ಸುಲಭವಾಗಿ ಸುರುಳಿಯಾಗುತ್ತದೆ. ಎಳೆಗೆ ಅಡ್ಡಲಾಗಿ ಸುತ್ತಿದರೆ ಪ್ರತಿಯೊಂದು ನಾರನ್ನೂ ಬಗ್ಗಿಸಿದಂತೆ; ಅದು ಮತ್ತೆ ನೆಟ್ಟಗಾಗಲು ಹವಣಿಸುತ್ತಲೇ ಇರುತ್ತದೆ. ನಿಮ್ಮ ಮೊದಲ ಚಕ್ರದ ಪೊಟ್ಟಣಗಳು ಬಿಚ್ಚಿಕೊಂಡದ್ದು ಬಹುಮಟ್ಟಿಗೆ ಹೀಗೆಯೇ. ಇನ್ನು ನೀರಿನ ವಿಷಯ. ಒದ್ದೆಯಾದ ನಾರು ಉದ್ದಕ್ಕೆ ಹೆಚ್ಚು ಬೆಳೆಯುವುದಿಲ್ಲ, ಅಡ್ಡಕ್ಕೆ ಉಬ್ಬುತ್ತದೆ. ಆದ್ದರಿಂದ ಅಂಟು ಹಚ್ಚಿದ ಹಾಳೆ ಎಳೆಗೆ ಅಡ್ಡಲಾಗಿ ಹಿಗ್ಗಿ, ಒಣಗುವಾಗ ಅಷ್ಟೇ ಕುಗ್ಗಿ, ತಾನು ಅಂಟಿಕೊಂಡ ರಟ್ಟನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಹಪ್ಪಳ ಹುಟ್ಟುವುದು ಅಲ್ಲಿ.

ಇಷ್ಟು ಮನಸ್ಸಿನಲ್ಲಿದ್ದರೆ ಉಳಿದದ್ದು ಕೈಗೆ ತಾನಾಗಿ ಬರುತ್ತದೆ. ಆದರೆ ಕತ್ತರಿ ಹಿಡಿಯುವ ಮೊದಲು ಮಾವನವರ ಗಂಟುಗಳನ್ನು ಬಿಚ್ಚಿ ಒಂದು ಇಡೀ ದಿನ ಕುಳಿತುಕೊಳ್ಳಿ. ಈ ಕೆಲಸವನ್ನು ಅವಸರದಲ್ಲಿ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಕೈಬರಹ ಇರುವುದನ್ನೆಲ್ಲ ಮೊದಲು ಬೇರೆ ಇಡಿ. ಜಾತಕ, ಕ್ರಯಪತ್ರ, ಪಾಲುಪಟ್ಟಿ, ಕಂದಾಯದ ರಸೀದಿ, ಮದುವೆಯ ಖರ್ಚಿನ ಪಟ್ಟಿ, ಯಾರೋ ಬರೆದ ಕಾರ್ಡು — ಯಾವುದನ್ನೂ ಕತ್ತರಿಸಬೇಡಿ. ಬೆಳಗಾವಿ, ಧಾರವಾಡದ ಕಡೆಯ ಮನೆಗಳ ಹಳೆಯ ಕಟ್ಟುಗಳಲ್ಲಿ ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯ ಕಾಗದಗಳು ಸಿಗುತ್ತವೆ. ನಿಮ್ಮ ಗಂಟಿನಲ್ಲೂ ಓದಲಾಗದ ಬರಹವಿದ್ದರೆ, ಓದಬಲ್ಲವರಿಗೆ ತೋರಿಸುವವರೆಗೆ ಅದು ಹಾಗೆಯೇ ಇರಲಿ. ಹಳೆಯ ವಾರಪತ್ರಿಕೆ, ಮಾಸಪತ್ರಿಕೆಗಳ ಪೂರ್ತಿ ವರ್ಷದ ಕಟ್ಟು ಸಿಕ್ಕರೆ ಹತ್ತಿರದ ಗ್ರಂಥಾಲಯವನ್ನೋ ಕಾಲೇಜನ್ನೋ ವಿಚಾರಿಸಿ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ ಹೊರತಂದ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆ. ಅದರ ಹಾಳೆಗಳು ಇಂದಿಗೂ ನೋಡಲು ಸಿಗುತ್ತಿವೆ ಎಂದರೆ, ಓದಿ ಮುಗಿದ ಸುದ್ದಿಯನ್ನು ಯಾರೋ ಎಸೆಯದೆ ಎತ್ತಿಟ್ಟಿದ್ದರು ಎಂದರ್ಥ. ದೇವರ ಚಿತ್ರವಿರುವ ಲಗ್ನಪತ್ರಿಕೆಗಳನ್ನೂ ಪಕ್ಕಕ್ಕೆ ಇಡಿ. ಮುಂದೊಂದು ದಿನ ಚಕ್ರ ಹಳತಾಗಿ ತೆಗೆಯುವಾಗ ಅವು ಕಸದ ಪಾಲಾಗುವುದನ್ನು ನಿಮ್ಮ ಮನೆಯಲ್ಲಿ ಯಾರೂ ಸಹಿಸುವುದಿಲ್ಲ.

ಉಳಿಯುವುದು ಏನು? ಹಳೆಯ ದಿನಪತ್ರಿಕೆ, ಪಠ್ಯ ಬದಲಾದ ಶಾಲಾ ಪುಸ್ತಕ, ಹರಿದು ಅರ್ಧ ಉಳಿದ ಕಾದಂಬರಿ, ರೈಲ್ವೆ ವೇಳಾಪಟ್ಟಿ, ಔಷಧ ಕಂಪನಿಗಳ ಡೈರಿ, ಕ್ಯಾಲೆಂಡರ್. ಕಾಗದ ಕಾಲಿಗೆ ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಬೆಳೆದವರು ನಾವು. ಹಾಳೆ ಹರಿಯುವಾಗ ಕೈ ತಡೆಯುತ್ತದೆ ಎಂದು ನೀವು ಬರೆದ ಮಾತು ನನಗೆ ತುಂಬ ಹಿಡಿಸಿತು. ಆ ತಡೆಯನ್ನು ಕಳೆದುಕೊಳ್ಳಬೇಡಿ. ಓದಲು ಇನ್ನೂ ಯಾರಾದರೂ ಸಿಗಬಹುದಾದ ಪುಸ್ತಕ ಓದುವವರಿಗೆ ಹೋಗಲಿ. ಗೆದ್ದಲು ಒಂದು ಮೂಲೆ ತಿಂದದ್ದು, ಮೊದಲ ಮೂವತ್ತು ಪುಟ ಕಾಣೆಯಾದದ್ದು, ರದ್ದಿ ಅಂಗಡಿಯ ತಕ್ಕಡಿಗೆ ಏರಬೇಕಾದದ್ದು ಮಾತ್ರ ನಿಮ್ಮ ಚಕ್ರಕ್ಕೆ.

ಹೀಗೆ ಆರಿಸಿದ ಹಾಳೆಗೂ ಒಂದು ಪರೀಕ್ಷೆ ಇದೆ. ಮೂಲೆಯನ್ನು ಒಂದು ಬೆರಳಗಲ ಮಡಿಸಿ, ಒತ್ತಿ, ಅದೇ ಗೆರೆಯಲ್ಲಿ ಹಿಂದಕ್ಕೂ ಮಡಿಸಿ. ಎರಡು ಬಾರಿ ಹೀಗೆ ಮಾಡಿ ಮೆಲ್ಲಗೆ ಎಳೆದಾಗ ಮೂಲೆ ಕೈಗೆ ಬಂದರೆ ಆ ಕಾಗದ ಸುತ್ತಲು ಆಗುವುದಿಲ್ಲ. ಗ್ರಂಥಾಲಯಗಳಲ್ಲಿ ಪುಸ್ತಕದ ಆಯುಷ್ಯ ಅಳೆಯಲು ಬಳಸುವ ಪರೀಕ್ಷೆಯೂ ಇದೇ. ಅಂಥ ಹಾಳೆಯನ್ನು ಎಸೆಯಬೇಡಿ, ರಟ್ಟಿನ ಮೇಲೆ ಸಪಾಟಾಗಿ ಅಂಟಿಸಲು ಬರುತ್ತದೆ.

ಕಾಗದ ಹೀಗೆ ಪುಡಿಯಾಗುವುದಕ್ಕೆ ಕಾರಣವಿದೆ. ಒಂದು ಕಾಲದಲ್ಲಿ ಕಾಗದವನ್ನು ಹಳೆಯ ಬಟ್ಟೆಯ ಚಿಂದಿಯಿಂದ ಮಾಡುತ್ತಿದ್ದರು. 1844ರ ಸುಮಾರಿಗೆ ಜರ್ಮನಿಯ ಫ್ರೀಡ್ರಿಕ್ ಗಾಟ್ಲೋಬ್ ಕೆಲ್ಲರ್ ಮರವನ್ನು ಕಲ್ಲಿನಲ್ಲಿ ತೇದು ತಿರುಳು ತೆಗೆಯುವ ವಿಧಾನ ಕಂಡುಹಿಡಿದ ಮೇಲೆ ಅಗ್ಗದ ಕಾಗದದ ಯುಗ ಆರಂಭವಾಯಿತು. ಪಕ್ಕದ ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯನ್ನು ನಿಮ್ಮ ಅತ್ತೆಯವರು ಬಲ್ಲರು. ಅದೂ ಮುಂದೆ ಪತ್ರಿಕೆಗಳಿಗೆ ಕಾಗದ ಒದಗಿಸಿತು. ದಿನಪತ್ರಿಕೆಯ ಕಾಗದದಲ್ಲಿ ಮರದ ಲಿಗ್ನಿನ್ ಎಂಬ ಅಂಶ ಹಾಗೆಯೇ ಉಳಿದಿರುತ್ತದೆ. ಬಿಸಿಲು, ಗಾಳಿ ತಾಗಿದಂತೆ ಅದು ಹಳದಿಯಾಗುತ್ತದೆ, ಕಂದುತ್ತದೆ. ಜೊತೆಗೆ ಹಿಂದಿನ ಕಾರ್ಖಾನೆಗಳು ಶಾಯಿ ಹರಡದಿರಲೆಂದು ಹಾಕುತ್ತಿದ್ದ ಪಟಿಕದ ಆಮ್ಲ ನಾರನ್ನು ಒಳಗಿನಿಂದಲೇ ತಿನ್ನುತ್ತದೆ. ಹೊಸ ಕಾಗದವನ್ನು ಚಹಾ ಡಿಕಾಕ್ಷನ್‌ನಲ್ಲಿ ಅದ್ದಿ ಹಳೆಯದರಂತೆ ಮಾಡುವವರನ್ನು ನೋಡಿದ್ದೇನೆ. ನಿಮಗೆ ಅದರ ಅಗತ್ಯವೇ ಇಲ್ಲ. ಮಾವನವರ ಅಟ್ಟದಲ್ಲಿ ಹಾಲಿನ ಕೆನೆಯ ಬಣ್ಣದಿಂದ ಜೋನಿಬೆಲ್ಲದ ಬಣ್ಣದವರೆಗೆ ಎಲ್ಲ ಛಾಯೆಯೂ ಸಿಗುತ್ತದೆ. ಒಂದೊಂದು ಪುಟದಲ್ಲಿಯೇ ಅಂಚು ಗಾಢವಾಗಿ, ನಡು ತೆಳುವಾಗಿ ಇರುತ್ತದೆ. ಅಂಚು ಪೊಟ್ಟಣದ ಬಾಯಿಗೆ ಬರುವಂತೆ ಸುತ್ತಿದರೆ ಹೂವಿನ ಎಸಳಿಗೆ ಬಣ್ಣ ಹಾಕಿದಂತೆಯೇ ಕಾಣುತ್ತದೆ.

ಈಗ ಚಕ್ರದ ತಳ. ದಿನಸಿ ಅಂಗಡಿಯಲ್ಲಿ ಸಿಗುವ ಸುಕ್ಕುರಟ್ಟಿನ ಪೆಟ್ಟಿಗೆ ಸಾಕು. 24 ಸೆಂಟಿಮೀಟರ್ ಅಗಲದ ಎರಡು ವೃತ್ತಗಳನ್ನು ಕತ್ತರಿಸಿ, ನಡುವೆ 8 ಸೆಂಟಿಮೀಟರ್ ತೂತು ಬಿಡಿ. ಆ ರಟ್ಟಿನೊಳಗೆ ಅಲೆಅಲೆಯಾಗಿ ಸಾಲುಗಳಿರುತ್ತವಲ್ಲ, ಒಂದು ವೃತ್ತದ ಸಾಲು ಉದ್ದಕ್ಕೆ, ಇನ್ನೊಂದರ ಸಾಲು ಅಡ್ಡಕ್ಕೆ ಬರುವಂತೆ ಇಟ್ಟು ಅಂಟಿಸಿ. ಪ್ಲೈವುಡ್ ಗಟ್ಟಿಯಾಗಿರುವುದೂ ಇದೇ ಗುಟ್ಟಿನಿಂದ. ನಂತರ ಪುಡಿಯಾಗುವ ಹಾಳೆಗಳನ್ನು ಮೇಲ್ಬದಿಗೆ ಒಂದು ಪದರ ಅಂಟಿಸಿ, ಹಿಂಬದಿಗೂ ಅಷ್ಟೇ ದಪ್ಪದ ಒಂದು ಪದರ ಅಂಟಿಸಿ. ಹಿಂಬದಿ ಯಾರಿಗೂ ಕಾಣುವುದಿಲ್ಲ ಎಂದು ಬಿಟ್ಟುಬಿಟ್ಟರೆ ಕೆಟ್ಟಿತು. ಮುಂದಿನ ಹಾಳೆ ಒಣಗುತ್ತಾ ತನ್ನ ಕಡೆಗೆ ಎಳೆಯುವಾಗ ಹಿಂದಿನ ಹಾಳೆ ಅಷ್ಟೇ ಬಲದಿಂದ ಆ ಕಡೆಗೆ ಎಳೆಯಬೇಕು. ಆಗ ಮಾತ್ರ ರಟ್ಟು ನೆಟ್ಟಗೆ ನಿಲ್ಲುತ್ತದೆ. ನನ್ನ ಹನ್ನೆರಡು ಲೆಕ್ಕದ ಪುಸ್ತಕಗಳು ಬಾಗಿದ್ದು ಒಳಬದಿಗೆ ಹಾಳೆ ಅಂಟಿಸುವ ಮೊದಲೇ ಅವನ್ನು ಹಾಗೆಯೇ ಬಿಟ್ಟು ಮನೆಗೆ ಹೋದದ್ದರಿಂದ. ಅಂಟಿಸಿದ ತಳವನ್ನು ಒಣ ಪತ್ರಿಕೆಗಳ ನಡುವೆ ಇಟ್ಟು, ಮೇಲೆ ಒಂದು ಮಣೆ, ಮಣೆಯ ಮೇಲೆ ರುಬ್ಬುವ ಗುಂಡೋ ಅಕ್ಕಿಯ ಡಬ್ಬಿಯೋ ಹೇರಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಪತ್ರಿಕೆ ಬದಲಾಯಿಸಿ ಇನ್ನೊಂದು ರಾತ್ರಿ. ನೀವು ಆತುರಪಡಬಾರದ ಜಾಗ ಇದೊಂದು.

ಅಂಟು ಯಾವುದು? ಮೈದಾ ಅಂಟನ್ನು ನಾನು ಜೀವಮಾನವಿಡೀ ಬಳಸಿದ್ದೇನೆ, ಅದರ ಮೇಲೆ ನನಗೆ ಪ್ರೀತಿಯಿದೆ. ಆದರೆ ಬೈಂಡಿಂಗ್ ಅಂಗಡಿಗಳಲ್ಲಿ ಅದಕ್ಕೆ ಹುಳು ಬೀಳದಿರಲೆಂದು ಮೈಲುತುತ್ತ ಹಾಕುತ್ತಿದ್ದರು. ಮೈಲುತುತ್ತ ವಿಷ, ಮಕ್ಕಳಿರುವ ಮನೆಯ ಅಡುಗೆ ಪಾತ್ರೆಯಲ್ಲಿ ಅದನ್ನು ಕದಡುವುದು ಸಲ್ಲದು. ಅದಿಲ್ಲದ ಮೈದಾ ಅಂಟು ಮಲೆನಾಡಿನ ಜೂನ್ ತಿಂಗಳಲ್ಲಿ ಬೂಷ್ಟಿಗೂ ಜಿರಲೆಗೂ ಕಾಗದ ತಿನ್ನುವ ಬೆಳ್ಳಿ ಬಣ್ಣದ ಹುಳಕ್ಕೂ ಹಬ್ಬದೂಟ. ನಿಮ್ಮ ಎರಡನೆಯ ಚಕ್ರಕ್ಕೆ ಆದದ್ದು ಅದೇ. ಫೆವಿಕಾಲ್‌ನಂಥ ಬಿಳಿ ಅಂಟು ತೆಗೆದುಕೊಳ್ಳಿ, ನೀರು ಬೆರೆಸಬೇಡಿ. ಬಾಟಲಿಯಿಂದ ನೇರವಾಗಿ ಸುರಿಯದೆ ಸಣ್ಣ ಕುಂಚದಿಂದ, ಅಕ್ಷರ ಕಾಣುವಷ್ಟು ತೆಳುವಾಗಿ ಸವರಿ. ಅಂಟು ಹೆಚ್ಚಾದಷ್ಟೂ ನೀರು ಹೆಚ್ಚು, ನೀರು ಹೆಚ್ಚಾದಷ್ಟೂ ಸುಕ್ಕು ಹೆಚ್ಚು.

ಇನ್ನು ಪೊಟ್ಟಣ. ನಿಮಗೆ ಇದನ್ನು ಕಲಿಸಬೇಕಾದವನು ನಾನಲ್ಲ, ಜಾತ್ರೆಯಲ್ಲಿ ಕಡಲೆಕಾಯಿ ಮಾರುವವನು. ಎಡಗೈಯ ಹೆಬ್ಬೆರಳು, ತೋರುಬೆರಳ ನಡುವೆ ಹಾಳೆ ಹಿಡಿದು, ಬಲಗೈಯಿಂದ ಒಂದು ತಿರುವು ಕೊಟ್ಟು, ತುದಿಯನ್ನು ಒಳಕ್ಕೆ ಒತ್ತುವಷ್ಟರಲ್ಲಿ ಪೊಟ್ಟಣ ಸಿದ್ಧ. ಅವನಿಗೆ ಅಂಟು ಬೇಡ, ಏಕೆಂದರೆ ಒಳಗಿನ ಕಡಲೆಕಾಯಿಯೇ ಅದನ್ನು ಬಿಗಿಯಾಗಿ ಹಿಡಿದಿರುತ್ತದೆ. ನಿಮ್ಮದು ಖಾಲಿ ಪೊಟ್ಟಣ. ಆದ್ದರಿಂದ ಸುತ್ತುವ ದಿಕ್ಕಿನಲ್ಲಿ ಎಚ್ಚರ ಬೇಕು.

ಸುಮಾರು 14 ಸೆಂಟಿಮೀಟರ್ ಅಗಲ, 21 ಸೆಂಟಿಮೀಟರ್ ಉದ್ದದ ಸಾಮಾನ್ಯ ಪುಸ್ತಕದ ಹಾಳೆಯನ್ನು ನಿಮ್ಮೆದುರು ನಿಲ್ಲಿಸಿದಂತೆ ಇಟ್ಟುಕೊಳ್ಳಿ. ಕೆಳಗಿನ ಎಡಮೂಲೆಯೇ ಪೊಟ್ಟಣದ ಚೂಪು ತುದಿ. ಕೆಳಗಿನ ಗಿಡ್ಡ ಅಂಚನ್ನು ಎತ್ತಿ ಸುತ್ತಲು ಆರಂಭಿಸಿ, ತುದಿ ಅಲುಗದಂತೆ ಬೆರಳಲ್ಲಿ ಒತ್ತಿ ಹಿಡಿದು, ಎಡಗಡೆಯ ಉದ್ದನೆಯ ಅಂಚಿನತ್ತ ಉರುಳಿಸುತ್ತ ಹೋಗಿ. ಕೊನೆಯಲ್ಲಿ ಹೊರಗೆ ಉಳಿಯುವುದು ಉದ್ದನೆಯ ಅಂಚು. ಎಳೆ ಆ ಅಂಚಿಗೆ ಸಮಾನಾಂತರವಾಗಿ ಇರುವುದರಿಂದ ಅದು ಪೊಟ್ಟಣದ ಮೈಗೆ ತಾನೇ ಒರಗಿ ಮಲಗುತ್ತದೆ. ಇದನ್ನೇ ತಿರುವುಮುರುವಾಗಿ, ಉದ್ದನೆಯ ಅಂಚಿನಿಂದ ಆರಂಭಿಸಿ ಸುತ್ತಿ ನೋಡಿ. ಗಿಡ್ಡ ಅಂಚು ಹೊರಗೆ ಬರುತ್ತದೆ, ಬೆರಳು ತೆಗೆದ ಕೂಡಲೇ ಸೆಟೆದು ಮೇಲೆ ಏಳುತ್ತದೆ. ಒಂದೇ ಹಾಳೆ, ಒಂದೇ ಕೈ, ಒಂದೇ ಅಂಟು. ದಿಕ್ಕು ಮಾತ್ರ ಬೇರೆ. ಹೊರ ಅಂಚಿನ ಒಳಗಡೆ ಅರ್ಧ ಬೆರಳಗಲ ಅಂಟು ಸವರಿ ಒತ್ತಿ, ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸಿ ಹತ್ತು ನಿಮಿಷ ಬಿಡಿ. ಒಂದು ಡಜನ್ ಕ್ಲಿಪ್ ಇದ್ದರೆ ಕೆಲಸ ನಿಲ್ಲದೆ ಸಾಗುತ್ತದೆ. ಬಾಯಿ ಆರು ಸೆಂಟಿಮೀಟರ್ ಅಗಲವಿರಲಿ. ಬಾಯಿಯ ಒಂದು ಕಡೆ ಹಾಳೆಯ ಮೂಲೆ ಚೂಪಾಗಿ ಎದ್ದು ನಿಲ್ಲುತ್ತದೆ. ಕತ್ತರಿಸಬೇಡಿ, ಅದೇ ಎಸಳು.

ಹೊರಸಾಲಿಗೆ ಸುಮಾರು 25 ಪೊಟ್ಟಣ ಬೇಕು. ತುದಿಗಳೆಲ್ಲ ನಡುವಿನ ತೂತಿನ ಅಂಚಿಗೆ, ಬಾಯಿಗಳೆಲ್ಲ ಹೊರಕ್ಕೆ. ಮೊದಲು ಗಡಿಯಾರದ 12, 3, 6, 9 ಗಂಟೆಯ ಜಾಗಗಳಲ್ಲಿ ನಾಲ್ಕನ್ನು ಕೂರಿಸಿ, ಆಮೇಲೆ ನಡುವಿನ ಜಾಗ ತುಂಬಿಸಿ. ಒಂದು ಕಡೆಯಿಂದ ಸಾಲಾಗಿ ಅಂಟಿಸುತ್ತ ಹೋದರೆ ಕೊನೆಯಲ್ಲಿ ಅರ್ಧ ಪೊಟ್ಟಣದಷ್ಟು ಜಾಗ ಉಳಿದು ಕಣ್ಣಿಗೆ ಕುಟುಕುತ್ತದೆ. ಎರಡನೆಯ ಸಾಲನ್ನು ನಾಲ್ಕೈದು ಸೆಂಟಿಮೀಟರ್ ಒಳಕ್ಕೆ, ಹೊರಸಾಲಿನ ಎರಡು ಬಾಯಿಗಳ ನಡುವೆ ಒಂದರಂತೆ ಕೂರಿಸಿ. ತೂತಿನೊಳಕ್ಕೆ ಚಾಚುವ ತುದಿಗಳನ್ನು ಕತ್ತರಿಸಿಬಿಡಿ. ಮೂರನೆಯ ಸಾಲಿಗೆ ಹಾಳೆಯನ್ನು ಅಡ್ಡಕ್ಕೆ ಎರಡಾಗಿ ಕತ್ತರಿಸಿ ಸಣ್ಣ ಪೊಟ್ಟಣ ಮಾಡಿ. ಹೀಗೆ ಕತ್ತರಿಸಿದಾಗ ಎಳೆ ಗಿಡ್ಡ ಅಂಚಿನ ಕಡೆಗೆ ಬರುತ್ತದೆ. ಈ ಸಾಲಿನಲ್ಲಿ ಉದ್ದನೆಯ ಅಂಚಿನಿಂದ ಆರಂಭಿಸಿ ಗಿಡ್ಡ ಅಂಚು ಹೊರಗೆ ಬರುವಂತೆ ಸುತ್ತಬೇಕು. ಒಟ್ಟು ಐವತ್ತೈದರಿಂದ ಅರವತ್ತು ಹಾಳೆ. 140 ಪುಟದ ಒಂದು ತೆಳು ಪುಸ್ತಕದಲ್ಲಿ ಕೆಲಸ ಮುಗಿದು ಹತ್ತು ಹಾಳೆ ಮಿಗುತ್ತವೆ. ಚಕ್ರದ ಅಗಲ ಒಂದೂವರೆ ಅಡಿಗಿಂತ ತುಸು ಹೆಚ್ಚಾಗುತ್ತದೆ, ತೂಕ ಕಾಲು ಕಿಲೋ ಆಸುಪಾಸು.

ಬೈಂಡಿಂಗ್ ಕೆಲಸದವನಾಗಿ ಒಂದು ಮಾತು ಹೇಳಲೇಬೇಕು. ಅಂಟನ್ನು ಮಾತ್ರ ನಂಬಬೇಡಿ. ಹೊರಸಾಲಿನ ಪ್ರತಿ ಪೊಟ್ಟಣದ ತುದಿಯ ಬಳಿ ದಬ್ಬಣದಿಂದ ತೂತು ಮಾಡಿ, ಮೇಣ ಸವರಿದ ನೂಲಿನಿಂದ ರಟ್ಟಿಗೆ ಒಂದು ಹೊಲಿಗೆ ಹಾಕಿ. ಮುಂದಿನ ಸಾಲುಗಳು ಆ ಹೊಲಿಗೆಯನ್ನು ಮುಚ್ಚುತ್ತವೆ. ಬಿಸಿ ಅಂಟಿನ ಗನ್ ಬಳಸುವವರು ಬಹಳ ಮಂದಿ. ಬೇಗ ಆಗುತ್ತದೆ, ನಿಜ. ಆದರೆ ಪಶ್ಚಿಮಕ್ಕೆ ಮುಖಮಾಡಿದ ಬಾಗಿಲಿಗೆ ಮಾರ್ಚ್ ತಿಂಗಳ ಸಂಜೆ ಬಿಸಿಲು ಬಿದ್ದರೆ ಆ ಅಂಟು ಮೆತ್ತಗಾಗುತ್ತದೆ. ಹೊಲಿಗೆ ಮೆತ್ತಗಾಗುವುದಿಲ್ಲ.

ಕ್ಯಾಲೆಂಡರ್, ಡೈರಿಯ ಮುಖಪುಟಗಳಂಥ ಹೊಳಪು ಕಾಗದವನ್ನು ಪೊಟ್ಟಣಕ್ಕೆ ಬಳಸಬೇಡಿ. ಅದರ ಮೇಲಿನ ಬಿಳಿ ಲೇಪ ಮಡಿಕೆಯಲ್ಲಿ ಒಡೆಯುತ್ತದೆ, ಅಂಟನ್ನೂ ಚೆನ್ನಾಗಿ ಹೀರುವುದಿಲ್ಲ. ಮಣಿ ಮಾಡಲು ಮಾತ್ರ ಅದಕ್ಕೆ ಸಾಟಿಯಿಲ್ಲ. ಬುಡದಲ್ಲಿ ಎರಡು ಸೆಂಟಿಮೀಟರ್ ಅಗಲವಾಗಿ, ತುದಿಯಲ್ಲಿ ಚೂಪಾಗಿ, ಒಂದು ಗೇಣು ಉದ್ದದ ಪಟ್ಟಿ ಕತ್ತರಿಸಿ, ಹಿಡಿಸೂಡಿಯ ಕಡ್ಡಿಗೆ ಅಗಲದ ತುದಿಯಿಂದ ಬಿಗಿಯಾಗಿ ಸುತ್ತಿ, ಕೊನೆಗೆ ಅಂಟು ತಾಗಿಸಿ ಕಡ್ಡಿ ಹೊರಗೆಳೆದರೆ ನಡು ಉಬ್ಬಿದ ಬಣ್ಣಬಣ್ಣದ ಮಣಿ. ಮೂರನೆಯ ಸಾಲಿನ ಒಳಗೆ, ತೂತಿನ ಸುತ್ತ ಅವುಗಳ ಒಂದು ಸರ ಕೂರಿಸಿದರೆ ತುದಿಗಳ ಗಜಿಬಿಜಿ ಮುಚ್ಚಿಹೋಗುತ್ತದೆ.

ಈಗ ನಿಮ್ಮ ಅತ್ತೆಯವರ ಮಾತಿಗೆ ಬರುತ್ತೇನೆ. ಅದನ್ನು ಹಳೆಯ ಕಾಲದವರ ಹಟ ಎಂದು ತಳ್ಳಿಹಾಕಬೇಡಿ. ಪುಷ್ಪಚಕ್ರ ಎಂಬ ಪದವನ್ನು ನಮ್ಮ ಪತ್ರಿಕೆಗಳಲ್ಲಿ ನಾವು ಓದುವುದೇ ಹುತಾತ್ಮ ಯೋಧರಿಗೆ, ಅಗಲಿದ ಗಣ್ಯರಿಗೆ ಗೌರವ ಸಲ್ಲಿಸಿದ ಸುದ್ದಿಯಲ್ಲಿ. ಅವರ ಕಣ್ಣಿಗೆ ಆ ಆಕಾರ ಬಾಗಿಲಲ್ಲಿ ಅಪಶಕುನವಾಗಿ ಕಂಡರೆ ಅದು ಸಹಜ. ಯುರೋಪಿನಲ್ಲೂ ಈ ಚಕ್ರ ಸಮಾಧಿಯ ಮೇಲೂ ಇರುತ್ತದೆ, ಹಬ್ಬದ ಬಾಗಿಲಲ್ಲೂ ಇರುತ್ತದೆ. ಆರಂಭವೂ ಅಂತ್ಯವೂ ಇಲ್ಲದ ದುಂಡು ಎರಡಕ್ಕೂ ಹೊಂದುತ್ತದೆ ಎಂಬ ಭಾವನೆ ಅವರದು. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಲ್ಲಿ ಒಂದೊಂದಾಗಿ ಮೇಣದಬತ್ತಿ ಹಚ್ಚುವ ಚಕ್ರವನ್ನು ನೀವು ಮಗಳ ಊರಿನಲ್ಲಿ ನೋಡಿರಬೇಕು. ಅದನ್ನು 1839ರಲ್ಲಿ ಹ್ಯಾಂಬರ್ಗ್‌ನಲ್ಲಿ ಯೋಹಾನ್ ಹಿನ್ರಿಕ್ ವಿಖರ್ನ್ ಎಂಬ ಪಾದ್ರಿ ಬಡಮಕ್ಕಳ ಆಶ್ರಮದಲ್ಲಿ ಆರಂಭಿಸಿದರು. ಹಬ್ಬಕ್ಕೆ ಇನ್ನೆಷ್ಟು ದಿನ ಎಂದು ಮಕ್ಕಳು ದಿನವೂ ಕೇಳುತ್ತಿದ್ದರಂತೆ. ಅವರು ಗಾಡಿಯ ಹಳೆಯ ಚಕ್ರವೊಂದಕ್ಕೆ ಭಾನುವಾರಗಳಿಗೆ ದೊಡ್ಡ ಬಿಳಿ ಬತ್ತಿ, ಉಳಿದ ದಿನಗಳಿಗೆ ಸಣ್ಣ ಕೆಂಪು ಬತ್ತಿ ನೆಟ್ಟು ದಿನ ಎಣಿಸಲು ಕೊಟ್ಟರು. ಈ ಕಥೆಯನ್ನು ಅತ್ತೆಯವರಿಗೆ ಹೇಳಿ. ಅವರಿಗೆ ಇಷ್ಟವಾಗಬಹುದು, ಆದರೂ ಬಾಗಿಲ ಮೇಲೆ ಅದು ಬೇಡ ಎನಿಸಬಹುದು. ಆಗ ಬದಲಾಗಬೇಕಾದದ್ದು ಚಕ್ರ, ಅತ್ತೆಯವರಲ್ಲ.

ಬದಲಾಯಿಸುವುದು ಕಷ್ಟವೂ ಅಲ್ಲ. ಅವರ ಕಣ್ಣಿಗೆ ಕುತ್ತುವುದು ನಡುವಿನ ತೂತು. ತಳಕ್ಕೆ ತೂತು ಬಿಡದೆ ಪೂರ್ತಿ ವೃತ್ತ ಕತ್ತರಿಸಿ, ಇನ್ನೆರಡು ಸಾಲು ಸಣ್ಣ ಪೊಟ್ಟಣ ಸೇರಿಸಿ, ನಡುವೆ ಒಂದು ಗುಲಾಬಿ ಕೂರಿಸಿದರೆ ಅದು ಅರಳಿದ ತಾವರೆಯಾಗುತ್ತದೆ. ಗುಲಾಬಿಗೆ 12 ಸೆಂಟಿಮೀಟರ್ ಅಗಲದ ದುಂಡು ಕಾಗದವನ್ನು ಹೊರಗಿನಿಂದ ಒಳಕ್ಕೆ ಚಕ್ಕುಲಿಯಂತೆ, ಒಂದೂವರೆ ಸೆಂಟಿಮೀಟರ್ ಪಟ್ಟಿಯಾಗಿ ಕತ್ತರಿಸಿ. ಹೊರತುದಿಯಿಂದ ಬಿಗಿಯಾಗಿ ಸುತ್ತುತ್ತ ಬಂದರೆ ಕೊನೆಗೆ ಉಳಿಯುವ ನಡುವಿನ ಬಿಲ್ಲೆಯೇ ತಳ. ಅದಕ್ಕೆ ಅಂಟು ಹಚ್ಚಿ, ಸುರುಳಿಯನ್ನು ಬೆರಳಿಂದ ತುಸು ಸಡಿಲ ಬಿಟ್ಟರೆ ಎಸಳು ಬಿಡಿಸಿಕೊಳ್ಳುತ್ತದೆ. ಇಲ್ಲಿ ಮಾತ್ರ ಪಟ್ಟಿ ಎಲ್ಲ ದಿಕ್ಕಿಗೂ ತಿರುಗುವುದರಿಂದ ಎಳೆಯ ಲೆಕ್ಕ ನಡೆಯುವುದಿಲ್ಲ, ತೆಳು ಕಾಗದವನ್ನೇ ಆರಿಸಿ.

ತಾವರೆಯೂ ಬೇಡವಾದರೆ ತೋರಣ ಮಾಡಿ. ಮೂರನೆಯ ಸಾಲಿನ ಅಳತೆಯ ಪೊಟ್ಟಣಗಳನ್ನು ಚಪ್ಪಟೆ ಒತ್ತಿ, ಚೂಪು ತುದಿ ಕೆಳಗೆ ಬರುವಂತೆ ಮಾವಿನೆಲೆಯ ಹಾಗೆ ಹುರಿಗೆ ಪೋಣಿಸಿ, ಎರಡೆರಡರ ನಡುವೆ ಒಂದು ಕಾಗದದ ಮಣಿ ಹಾಕಿ. ಹಬ್ಬದ ದಿನದ ಹಸಿ ಮಾವಿನ ತೋರಣದ ಜಾಗವನ್ನು ಇದು ತೆಗೆದುಕೊಳ್ಳಬಾರದು. ಉಳಿದ ದಿನಗಳಿಗೆ ಒಳಬಾಗಿಲಿಗೆ ಚೆನ್ನಾಗಿ ಒಪ್ಪುತ್ತದೆ. ಕಾಗದ ನಮ್ಮ ಹಬ್ಬಗಳಿಗೆ ಹೊಸಬನೇನೂ ಅಲ್ಲ. ಕರಾವಳಿಯಲ್ಲಿ ದೀಪಾವಳಿಗೆ ಬಿದಿರು ಕಡ್ಡಿಗೆ ಬಣ್ಣದ ಕಾಗದ ಅಂಟಿಸಿ ಗೂಡುದೀಪ ಕಟ್ಟುತ್ತಾರೆ, ಗಣಪತಿಯ ಮಂಟಪಕ್ಕೆ ಕಾಗದದ ಪತಾಕೆ ಕಟ್ಟದ ಊರಿಲ್ಲ. ಅತ್ತೆಯವರು ಗೆಜ್ಜೆವಸ್ತ್ರ ಮಾಡಬಲ್ಲವರಾದರೆ ಅವರನ್ನೇ ಮಣಿ ಸುತ್ತಲು ಕೂರಿಸಿ. ಹತ್ತಿಯನ್ನು ಹೊಸೆದು ಒಂದೇ ಅಂತರಕ್ಕೆ ಗೆಜ್ಜೆ ಬಿಡುವ ಬೆರಳಿಗೆ ಕಾಗದದ ಪಟ್ಟಿ ಬಹಳ ಬೇಗ ಒಲಿಯುತ್ತದೆ. ನನ್ನ ತರಗತಿಗೆ ಬಂದ ಅಂಥ ಹಿರಿಯರೊಬ್ಬರು ಮೊದಲ ದಿನವೇ ನನಗಿಂತ ಬಿಗಿಯಾದ ಮಣಿ ಸುತ್ತಿದ್ದರು.

ದೀಪದ ಬಗ್ಗೆ ಕಟ್ಟುನಿಟ್ಟಾಗಿ ಹೇಳುತ್ತೇನೆ. ಕಾಗದದ ಚಕ್ರಕ್ಕೆ ಮೇಣದಬತ್ತಿ ಬೇಡ, ಎಷ್ಟೇ ಚೆಂದ ಕಂಡರೂ ಬೇಡ. ಒಣಗಿದ ಹಳೆ ಕಾಗದ ಹತ್ತಿಕೊಂಡರೆ ನೀರು ತರುವಷ್ಟು ಸಮಯ ಸಿಗುವುದಿಲ್ಲ. ಬೆಳಕು ಬೇಕಿದ್ದರೆ ಬ್ಯಾಟರಿಯ ಎಲ್‌ಇಡಿ ಸರ ಸಾಕು. ಕಾರ್ತಿಕದಲ್ಲಿ ಹೊಸ್ತಿಲಿನಲ್ಲಿ ಹಣತೆ ಇಡುವಾಗ ಚಕ್ರವನ್ನು ತೆಗೆದು ಒಳಗಿನ ಗೋಡೆಗೆ ಹಾಕಿ.

ಮಳೆಗಾಲಕ್ಕೆ ಯಾವ ಲೇಪವೂ ಪೂರ್ತಿ ರಕ್ಷಣೆ ಕೊಡುವುದಿಲ್ಲ. ಬಣ್ಣದ ಅಂಗಡಿಯಲ್ಲಿ ಸಿಗುವ ಪಾರದರ್ಶಕ ವಾರ್ನಿಷ್ ಸ್ಪ್ರೇಯನ್ನು ಬಯಲಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಂದಡಿ ದೂರದಿಂದ ತೆಳುವಾಗಿ ಒಮ್ಮೆ ಹೊಡೆದರೆ ಧೂಳು ಕೂರುವುದು ಕಡಿಮೆಯಾಗುತ್ತದೆ. ಎರಡು ಮೂರು ಸಲ ಹೊಡೆದರೆ ಕಾಗದ ಪ್ಲಾಸ್ಟಿಕ್ಕಿನಂತೆ ಮಿಂಚಿ ತನ್ನ ಮೈಯನ್ನೇ ಕಳೆದುಕೊಳ್ಳುತ್ತದೆ. ನಾನು ಹಾಗೆ ಮಾಡುವುದಿಲ್ಲ. ಇದೆಲ್ಲಕ್ಕಿಂತ ಮೇಲಾದದ್ದು ಜೂನ್ ಮೊದಲ ವಾರ ಅದನ್ನು ಇಳಿಸಿ, ಕುಂಚದಿಂದ ಧೂಳು ಕೊಡವಿ, ಒಂದು ದಿನ ನೆರಳಲ್ಲಿ ಗಾಳಿಗೆ ಇಟ್ಟು, ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿ ಎತ್ತಿಡುವುದು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಒಳಗೆ ಸಿಕ್ಕಿಕೊಂಡ ತೇವ ಅಲ್ಲೇ ಬೂಷ್ಟಾಗುತ್ತದೆ. ಪೆಟ್ಟಿಗೆ ಅಟ್ಟದ ಮೇಲೆ ಬೇಡ, ಅಡುಗೆಮನೆಯ ಬೆಚ್ಚನೆಯ ಗೋಡೆಯ ಹಿಂಬದಿಯ ಕಪಾಟಿನಲ್ಲಿರಲಿ.

ಈಗಾಗಲೇ ಸೊಟ್ಟಗಾದ ಎರಡನೆಯ ಚಕ್ರವನ್ನು ಎಸೆದಿಲ್ಲವಾದರೆ ಬೂಷ್ಟು ಹಿಡಿದ ಪೊಟ್ಟಣಗಳನ್ನು ಕಿತ್ತು ತೆಗೆಯಿರಿ, ಅವು ಬೇರೆ ಕಾಗದಗಳ ಹತ್ತಿರ ಇರಬಾರದು. ಮೊದಲನೆಯ ಚಕ್ರದ, ಬಿಚ್ಚಿಕೊಂಡ ಹಾಳೆಗಳು ಮಾತ್ರ ಇನ್ನೂ ಕೆಲಸಕ್ಕೆ ಬರುತ್ತವೆ. ಅವನ್ನು ಒಂದು ವಾರ ದಪ್ಪ ಪುಸ್ತಕದಡಿ ಇಟ್ಟು ಸಪಾಟು ಮಾಡಿ, ಎಳೆ ನೋಡಿಕೊಂಡು, ಈ ಸಲ ಗಿಡ್ಡ ಅಂಚಿನಿಂದ ಸುತ್ತಿ. ನವರಾತ್ರಿ ಕಳೆದು ಗಾಳಿ ಒಣಗಿದ ಮೇಲೆ ಕೆಲಸಕ್ಕೆ ಕುಳಿತರೆ ಮಗಳು ಡಿಸೆಂಬರ್ ರಜೆಗೆ ಬರುವಷ್ಟರಲ್ಲಿ ಬಾಗಿಲಿಗೆ ಏರಿರುತ್ತದೆ.